ನೀಲಿ ಪದರದ ಸಾವ್ಕಾರ

"ಕಳ್ಳಿ! ಹಾಡಾಹಗಲ ಕಳ್ಳಿ! ಉಪ್ಪನೀರ ಹಾಕಿ ನಮ್ಮ ಸಾವ್ಕಾರನ್ನ ಎಳಕೊಂಡೀದಿ. ನಿನಗ ನಾಚಿಕಿ, ಮಾನ, ಮರ್ಯಾದಿ ಏನರ ಅದನ?"

"ಏ ಮೋನ್ಯಾ, ನಾಲಿಗಿ ಬಿಗಿ ಹಿಡಿ. ನಿನ್ನ ಹುಳಕ್ಕ ನಾ ಯಾಕ ಉಪ್ಪು ಹಾಕ್ಲಿ? ನನ್ನ ಸಾರಿಗೇ ಉಪ್ಪು ಸಾಲವಲ್ದು."

"ಮತ್ತ ತಾನಾಗೇ ಬಂತೇನು? ನಮ್ಮವ್ವ ಇದ್ದಾಗಿಂದ ಬೀಸುಕಲ್ಲಿನ ಮಗ್ಗಲ ಬಿಟ್ಟು ಕದಲಿದ್ದಿಲ್ಲ ಅದು."

"ನಿನ್ನ ಮಾರಿ ನೋಡಿ ನೋಡಿ ಬ್ಯಾಸತ್ತು ಬಂದದ. ಕಲ್ಲಿನ ಹುಳಕ್ಕೂ ಒಂದ ತಾಳ್ಮಿ ಅಂತ ಇರ್ತದ."

ಓಣಿಯ ಮಂದಿ ಕಿಸಕ್ಕನೆ ನಕ್ಕರು. ಮೋನಪ್ಪ ತನ್ನ ಕಟ್ಟೆಯ ಮೇಲೆ ನಿಂತಿದ್ದ, ನಾನು ನನ್ನ ಕಟ್ಟೆಯ ಮೇಲೆ. ಎರಡು ಮನೆಗೂ ನಡುವೆ ಒಂದೇ ಗೋಡೆ. ನನ್ನ ಕೈಯಲ್ಲಿ ಕಸಬರಿಗೆ ಇತ್ತು, ಅವನ ಕೈಯಲ್ಲಿ ಏನೂ ಇರಲಿಲ್ಲ, ಹಾಗಾಗಿ ಕೈಗಳನ್ನು ಗಾಳಿಯಲ್ಲಿ ಬೀಸುತ್ತಿದ್ದ. ಊರಿನ ಅರ್ಧ ಮನೆಗಳ ನೆಲ ಹಾಸಿದ ಕೈಗಳವು. ಮೊಣಕಾಲೂರಿ ಕೆಲಸ ಮಾಡಿ ಮಾಡಿ ಅವನ ಮೊಣಕಾಲು ಒಂಟೆಯದರಂತೆ ದಡ್ಡುಗಟ್ಟಿದ್ದವು. ವಯಸ್ಸು ಐವತ್ತು ದಾಟಿತ್ತು. ಮದುವೆಯಿಲ್ಲ. ಬೇರೆಯವರ ನೆಲ ಹಾಸುತ್ತ, ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಳ್ಳುತ್ತ ಮದುವೆಯ ವಯಸ್ಸು ಯಾವಾಗ ದಾಟಿತೋ ಅವನಿಗೂ ತಿಳಿದಿರಲಿಲ್ಲ.

ಅಷ್ಟರಲ್ಲಿ ಬಡೀಮಾ ಬಂದಳು. ಓಣಿಗೆಲ್ಲ ಹಿರಿಯಳು. ಯಾರ ಮನೆಯ ಹುಳು ಯಾರ ಮನೆಗೆ ಹೋಯಿತು ಎಂಬ ನ್ಯಾಯವೆಲ್ಲ ಅವಳ ಹತ್ತಿರವೇ ಬರುತ್ತಿತ್ತು. "ಅರೆ, ಚುಪ್ ಕೂಡ್ರಿ ಇಬ್ರೂ. ಬೋರಲ ಫರಸಿಗೋಳ!" ಎಂದು ಬೈದು ಸೀದಾ ನನ್ನ ಮನೆಯೊಳಗೆ ನಡೆದಳು. ಕೊಡದಿಂದ ಬೊಗಸೆ ನೀರು ತೆಗೆದು ನೆಲದ ಮೇಲೆ ಸವರಿದಳು. ಒದ್ದೆಯಾದ ನೀಲಿ ಕಲ್ಲು ಕಪ್ಪಗಾಯಿತು, ಕಪ್ಪಿನಲ್ಲಿ, ಕಲ್ಲಿನೊಳಗಿಂದಲೇ, ಸಾವ್ಕಾರ ಎದ್ದು ಕಂಡಿತು. ಅಂಗೈಯಷ್ಟು ಅಗಲ, ಮೂರು ಪಾಲಾದ ಬೆನ್ನು, ಬೆನ್ನ ತುಂಬ ಮಡಿಕೆ ಹಾಕಿದ ಸೀರೆಯಂತೆ ನೆರಿಗೆ, ಜೋಳದ ಕಾಳಿನಂತಹ ಎರಡು ಕಣ್ಣು, ಕೆಳಗೆ ಲೆಕ್ಕವಿಲ್ಲದಷ್ಟು ಕಾಲು. ಕೊಡದ ಬುಡದಲ್ಲಿ ಒಲೆಯ ಕಡೆ ಮುಖ ಮಾಡಿ, ಅಡಿಗೆ ಆಯಿತೇನು ಎಂದು ಕೇಳುವಂತೆ ನಿಂತಿತ್ತು.

"ಬಂದದ್ದು ಖರೆ ಅದ," ಎಂದಳು ಬಡೀಮಾ. "ಎಳದ್ರೋ, ತಾನs ಬಂತೋ, ಅದನ್ನ ಹುಳಾನೇ ಹೇಳಬೇಕು. ಹುಳಾ ಹೇಳಂಗಿಲ್ಲ. ಮೋನಪ್ಪಾ, ನಾಳಿಂದ ಸಂಜಿಕ ಬಂದು ಕೂಡು. ಹಂಪವ್ವಾ, ನೀ ಚಾಪಿ ಹಾಸು, ನೀರ ಕೊಡು. ಜಗಳ ಬಂದ್."

ನಮ್ಮೂರಿನ ಕಟ್ಟಳೆ ಅದು. ಹುಳು ಮೊದಲು ಯಾರ ಮನೆಯ ನೆಲದಲ್ಲಿ ಕಣ್ಣಿಗೆ ಬಿದ್ದಿತೋ ಅದು ಅವರದು. ಬೇರೆ ಮನೆಗೆ ನಡೆದು ಹೋದರೆ ಕಲ್ಲು ಕಿತ್ತು ತರುವಂತಿಲ್ಲ. ಹುಳುವಿನವನು ದಿನಾ ಸಂಜೆ ಆ ಮನೆಗೆ ಹೋಗಿ ದೀಪ ಹಚ್ಚುವ ಹೊತ್ತಿನವರೆಗೆ ಕೂಡಬಹುದು. ಮನೆಯವರು ಬೇಡ ಎನ್ನುವಂತಿಲ್ಲ. ಊಟ ಕೊಡಬೇಕೆಂದಿಲ್ಲ. ಹುಳುವಿನ ಹಿಂದೆ ಬಂದವನು ಗಂಡಸೋ ಹೆಂಗಸೋ, ಆ ಮನೆಯಲ್ಲಿ ಯಾರಿದ್ದಾರೋ, ಅದನ್ನು ಓಣಿಯವರು ಆಡಿಕೊಳ್ಳುವಂತಿಲ್ಲ. ಹುಳು ತಿರುಗಿ ಮನೆ ಸೇರಿದ ದಿನ ಆ ಹಕ್ಕು ಮುಗಿಯಿತು.

ನಮ್ಮೂರು ಕಲ್ಲಿನ ಮೇಲೆ ಕೂತಿದೆ. ಮೇಲೆ ಮೊಣಕಾಲುದ್ದ ಎರೆಮಣ್ಣು, ಕೆಳಗೆಲ್ಲ ಕಲ್ಲು. ಅದೂ ಒಂದೇ ಕಲ್ಲಲ್ಲ, ಒಂದರ ಮೇಲೊಂದು ಪೇರಿಸಿದ ರೊಟ್ಟಿಯಂತೆ ಪದರ ಪದರ. ನಾನು ಹಳ್ಳಿಯ ಸಾಲೆಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಓದಿದವಳು. ಒಂದಾನೊಂದು ಕಾಲಕ್ಕೆ ಇಲ್ಲಿ ಕಡಲಿತ್ತು ಎಂದು ಮಾಸ್ತರರು ಹೇಳಿದ್ದರು. ನಮಗದು ಹೊಸ ಸುದ್ದಿಯೇನಲ್ಲ. ಈಗ ಅದು ಎಲ್ಲಿ ಹೋಯಿತು ಎಂದು ಎದ್ದು ನಿಂತು ಕೇಳಿದೆ. "ಕೂಡು" ಅಂದರು. ಕೂತೆ.

ಎಲ್ಲಕ್ಕೂ ಮೇಲಿರುವುದು ಹಳದಿ ಪದರ. ಚಿಪ್ಪಿನ ಚೂರುಗಳು ಮಂಡಕ್ಕಿಯಂತೆ ಒತ್ತೊತ್ತಾಗಿ ತುಂಬಿರುತ್ತವೆ. ಬಡವರ ಮನೆಗೆ ಅದನ್ನೇ ಹಾಸುತ್ತಾರೆ. ಚಿಪ್ಪುಗಳು ನಡೆಯುವುದಿಲ್ಲ, ಮಳೆಗಾಲದಲ್ಲಿ ಒಂದಿಷ್ಟು ಬಾಯಿ ಬಿಟ್ಟು ಮತ್ತೆ ಮುಚ್ಚಿಕೊಳ್ಳುತ್ತವೆ. ಅದರ ಕೆಳಗೆ ನೀಲಿ ಪದರ. ನಮ್ಮೂರಿನ ಹೆಸರು ಹೊರಗೆ ತಿಳಿದಿದ್ದರೆ ಆ ಕಲ್ಲಿನಿಂದ. ತೆಳ್ಳಗೆ, ಸಪಾಟಾಗಿ ಬಿಚ್ಚಿಕೊಳ್ಳುತ್ತದೆ. ಹೀಗೆ ಬಿಡಿಸಿದ ಹಾಸುಗಲ್ಲಿಗೆ ಫರಸಿ ಎನ್ನುತ್ತೇವೆ. ಕಾಲುಳ್ಳ ಹುಳುಗಳು, ಸುರುಳಿ ಸುತ್ತಿದ ಶಂಖಗಳು, ಅಪರೂಪಕ್ಕೊಂದು ಮೀನು, ಎಲ್ಲ ಅದರಲ್ಲೇ. ಅದರ ಕೆಳಗಿನದು ಕೆಂಪು ಪದರ. ಅಲೆ ಬಂದು ಹೋದ ಗೆರೆ, ಬಿಸಿಲಿಗೆ ಬಿರಿದ ಕೆಸರು, ಮಳೆಹನಿ ಬಿದ್ದ ಕುಳಿ, ಇಷ್ಟೇ ಅದರಲ್ಲಿ. ಮೈಯಿರುವ ಒಂದು ಪ್ರಾಣಿಯೂ ಇಲ್ಲ. ಆದರೆ ದಿನ ಬೆಳಗಾದರೆ ಹೊಸ ಹೆಜ್ಜೆ ಮೂಡಿರುತ್ತವೆ. ಕೆಂಪು ನೆಲದ ಮನೆಯ ಮಕ್ಕಳು ಹಲ್ಲುಜ್ಜುವ ಮುಂಚೆ ಆ ಹೆಜ್ಜೆ ಹಿಡಿದು ಮನೆಯೆಲ್ಲ ತಿರುಗುತ್ತವೆ, ಗೋಡೆಯ ಬುಡದಲ್ಲಿ ಹೆಜ್ಜೆ ಮುಗಿದಾಗ ಬೈಸಿಕೊಂಡು ಹಲ್ಲುಜ್ಜಲು ಹೋಗುತ್ತವೆ. ಎಲ್ಲಕ್ಕೂ ತಳದಲ್ಲಿ ಶೇಂಗಾ ಚಿಕ್ಕಿಯಂತೆ ಹೆಪ್ಪುಗಟ್ಟಿದ ಉಂಡೆಗಲ್ಲು. ಅದರಲ್ಲಿ ಏನೂ ಇಲ್ಲ. ಕಡಲು ಬರುವುದಕ್ಕೆ ಮುಂಚಿನ ಕಲ್ಲು ಅದು.

ನೀಲಿಯ ಹುಳು ನೀಲಿಯಲ್ಲೇ ನಡೆಯುತ್ತದೆ. ಎರಡು ಫರಸಿ ಒತ್ತಿ ಕೂತಿದ್ದರೆ ಒಂದರಿಂದ ಇನ್ನೊಂದಕ್ಕೆ ದಾಟುತ್ತದೆ. ನಡುವೆ ಹಳದಿಯೋ ಕೆಂಪೋ ಬಂದರೆ ತಿರುಗಿಕೊಳ್ಳುತ್ತದೆ. ನಡೆಯುವುದು ಕಣ್ಣಿಗೆ ಕಾಣುವುದಿಲ್ಲ. ನೋಡಿ, ರೊಟ್ಟಿ ಬಡಿದು, ಮತ್ತೆ ನೋಡಿದರೆ ಅವರೆಕಾಳಿನಷ್ಟು ಮುಂದೆ ಹೋಗಿರುತ್ತದೆ. ಬಿಸಿಲೇರಿದರೆ ಕಲ್ಲಿನ ಹೊಟ್ಟೆಯೊಳಗೆ ಇಳಿಯುತ್ತದೆ, ಸಂಜೆ ನೆಲ ಆರಿದಾಗ ಮೇಲೆ ಬರುತ್ತದೆ. ಉಪ್ಪು ಎಂದರೆ ಪ್ರಾಣ. ನಮ್ಮೂರಿಗೆ ಮದುವೆಯಾಗಿ ಬಂದ ಸೊಸೆ ಮೊದಲು ಕಲಿಯುವುದು ಒಲೆ ಎಲ್ಲಿದೆ ಎಂದಲ್ಲ, ನೆಲದಲ್ಲಿ ಯಾರ್‍ಯಾರು ಎಲ್ಲೆಲ್ಲಿ ಇದ್ದಾರೆ ಎಂದು. ಮಂಚದ ಕಾಲು ಹುಳುವಿನ ಮೇಲೆ ಇಡುವುದಿಲ್ಲ. ನನ್ನ ನಾದಿನಿಯ ಮನೆಯಲ್ಲಿ ಸುಗ್ಗಿಯ ಹೊತ್ತಿಗೆ ಒಂದು ಮೀನು ಪಡಸಾಲೆ ದಾಟುತ್ತದೆ, ಅದು ದಾಟುವವರೆಗೆ ಅವರೆಲ್ಲ ಹಿತ್ತಲಲ್ಲಿ ಉಣ್ಣುತ್ತಾರೆ. ಪೇಟೆಯಲ್ಲಿ ಹೊಳೆಯುವ ಟೈಲ್ಸ್ ಹಾಕಿದ ಒಂದು ಬ್ಯಾಂಕಿದೆ. ಒಳಗೆ ಹೋದವರು ಕೆಲಸ ಮುಗಿಸಿ ಬೇಗ ಹೊರಗೆ ಬರುತ್ತಾರೆ. ಸತ್ತ ನೆಲದ ಮೇಲೆ ಎಷ್ಟು ಹೊತ್ತು ನಿಲ್ಲುವುದು?

ಫರಸಿಗೆ ಮುಖ, ಬೆನ್ನು ಅಂತ ಇರುತ್ತದೆ. ಕಡಲಿದ್ದಾಗ ಆಕಾಶ ನೋಡುತ್ತಿದ್ದ ಮಗ್ಗಲು ಮುಖ. ಹಾಸುವಾಗ ಮುಖ ಮೇಲಿರಬೇಕು. ನಮ್ಮೂರಿನ ನಾಲ್ಕು ವರ್ಷದ ಕೂಸಿಗೂ ಅದು ಗೊತ್ತು. ಯಾವ ಕೆಲಸವನ್ನೂ ನೆಟ್ಟಗೆ ಮಾಡದವನಿಗೆ ಬೋರಲ ಫರಸಿ ಎಂದು ಬೈಯುವುದು ಅದಕ್ಕೇ.

ನನ್ನ ಕೆಲಸ ಕಲ್ಲು ಬಿಡಿಸುವುದು. ಗಣಿಯಿಂದ ಗಂಡಸರು ದಪ್ಪ ತುಂಡು ಎತ್ತಿ ತರುತ್ತಾರೆ, ಹೆಂಗಸರು ಕೂತು ಅಂಚಿಗೆ ಉಳಿಯಿಟ್ಟು ಮೆಲ್ಲಗೆ ಬಡಿಯುತ್ತ, ಅಂಟಿಕೊಂಡ ಬಿಸಿ ರೊಟ್ಟಿ ಬಿಡಿಸಿದಂತೆ ಬಿಡಿಸುತ್ತೇವೆ. ಜೋರಾಗಿ ಬಡಿದರೆ ಕಲ್ಲು ಒಡೆಯುತ್ತದೆ. ಇಷ್ಟು ಸಿಟ್ಟಿನ ಹೆಂಗಸಿಗೆ ಅಷ್ಟು ಮೆತ್ತನೆಯ ಕೈ ಎಲ್ಲಿಂದ ಬಂತು ಎಂದು ಎಲ್ಲರೂ ಕೇಳುತ್ತಾರೆ. ಸಿಟ್ಟೆಲ್ಲ ಬಾಯಿಯಿಂದ ಹೋಗುತ್ತದೆ, ಕೈಗೆ ಉಳಿಯುವುದಿಲ್ಲ. ಕಲ್ಲು ಬಿಚ್ಚಿಕೊಂಡಾಗ ಒಂದು ಉಸಿರು ಬಿಡುತ್ತದೆ, ಹಳೆಯ ಬಾವಿಯ ತಳದ ವಾಸನೆ. ಆ ವಾಸನೆಗಾಗಿಯೇ ನಾನು ಈ ಕೆಲಸ ಬಿಟ್ಟಿಲ್ಲ.

ನನ್ನ ಗಂಡ ಗುಂಡಪ್ಪ ಇದೇ ಗಣಿಯಲ್ಲಿ ಸತ್ತ. ಪೇರಿಸಿಟ್ಟ ಫರಸಿಯ ಸಾಲು ಜಾರಿ ಅವನ ಮೇಲೆ ಬಿತ್ತು. ಬಹಳ ವರ್ಷದ ಮಾತು. ಒಳ್ಳೆಯವನಿದ್ದ. ಮಾತು ಕಡಿಮೆ, ನನ್ನ ಮಾತೇ ಇಬ್ಬರಿಗೂ ಸಾಕಾಗುತ್ತಿತ್ತು. ಮಕ್ಕಳಾಗಲಿಲ್ಲ. ಅವನೇ ನೀಲಿ ಫರಸಿ ಆರಿಸಿ ತಂದು ನೆಲ ಹಾಸಿದ್ದ, ಆದರೆ ನಮ್ಮ ನೆಲಕ್ಕೆ ಒಂದು ಹುಳುವೂ ಬರಲಿಲ್ಲ. ಸಂಜೆ ಮನೆಗೆ ಬಂದರೆ ನಾನು, ಒಲೆ, ಬರೀ ನೆಲ. ಹಾಗಿದ್ದಾಗ ಸಾವ್ಕಾರ ಬಂದು ನನ್ನ ಕೊಡದ ಬುಡದಲ್ಲಿ ನಿಂತಿತ್ತು.

ಮೊದಲ ದಿನ ಮೋನಪ್ಪ ಚಾಪೆಯ ಮೇಲೆ ಹುಳುವಿಗೆ ಮುಖ, ನನಗೆ ಬೆನ್ನು ಮಾಡಿ ಕೂತ. ನಾನು ನೀರಿನ ತಂಬಿಗೆಯನ್ನು ಸದ್ದಾಗುವಂತೆ ಇಟ್ಟೆ. ಅವನ ಕಣ್ಣು ನೆಲದ ಮೇಲೆಲ್ಲ ಓಡಾಡಿತು.

"ಈ ಫರಸಿ ಜೋಡು ಯಾರ ಕೂಡಿಸ್ಯಾರ? ಎಮ್ಮಿ ಹಾಯ್ತದ ಇದರಾಗ."

"ನನ್ನ ಗಂಡ ಕೂಡಿಸ್ಯಾನ."

ಮರುದಿನ ಬರುವಾಗ ಉಳಿ, ಸುತ್ತಿಗೆ, ಒಂದು ಬುಟ್ಟಿ ಗಚ್ಚು ತಂದ. ಕೂಡುವುದಷ್ಟೇ ಕಟ್ಟಳೆ, ದುರಸ್ತಿ ಮಾಡು ಎಂದಿಲ್ಲ ಅಂದೆ. "ಮಾಡಬ್ಯಾಡ ಅಂತೂ ಇಲ್ಲ," ಎಂದು ಮೊಣಕಾಲೂರಿದ. ಗುಂಡಪ್ಪ ಹಾಸಿದ ಒಂದು ಕಲ್ಲನ್ನೂ ಜರುಗಿಸಲಿಲ್ಲ. ಸಂದುಗಳನ್ನಷ್ಟೇ ತುಂಬಿದ. ಅದು ನನ್ನ ಕಣ್ಣಿಗೆ ಬಿತ್ತು.

ನೀರು ಹೋಗಿ ಮಜ್ಜಿಗೆ ಬಂತು. ಮಜ್ಜಿಗೆಯ ಹಿಂದೆ ಒಂದು ರೊಟ್ಟಿ ಬಂತು. ರೊಟ್ಟಿ ಒಣಗಿದ್ದು ಹೇಗೆ ತಿನ್ನುತ್ತಾನೆ ಎಂದು ಪುಂಡಿಪಲ್ಯ ಬಂತು. ಉಂಡವನು ಸುಮ್ಮನೆ ಉಣ್ಣಬೇಕೋ ಬೇಡವೋ?

"ಉಪ್ಪು ಕಡಿಮಿ ಆಗ್ಯಾದ."

"ಇದ್ದ ಉಪ್ಪೆಲ್ಲಾ ನಿನ್ನ ಹುಳಕ್ಕ ಹಾಕೀನಲ್ಲ, ಇನ್ನೆಲ್ಲಿಂದ ತರ್ಲಿ?"

ಅವನು ನಕ್ಕ. ಇಷ್ಟು ವರ್ಷ ಪಕ್ಕದ ಮನೆಯಲ್ಲಿದ್ದು ಅವನ ನಗೆ ಹೀಗಿರುತ್ತದೆಂದು ನನಗೆ ಗೊತ್ತಿರಲಿಲ್ಲ. ಬಾಯಿ ಮುಚ್ಚಿಕೊಂಡು, ಹೆಗಲು ಕುಣಿಸಿ, ಮೂಗಿನಿಂದ ನಗುತ್ತಾನೆ. ಎತ್ತು ಮುಸುಗುಟ್ಟಿದಂತೆ.

ಹುಳುವಿಗೆ ಸಾವ್ಕಾರ ಎಂದು ಹೆಸರಿಟ್ಟವಳು ಅವನ ತಾಯಿ. ಬೀಸುವಾಗ ಬಂದು ಎದುರಿಗೆ ನಿಲ್ಲುತ್ತಿತ್ತಂತೆ, ಕೂಲಿಯವಳು ಕೆಲಸ ಸರಿಯಾಗಿ ಮಾಡುತ್ತಾಳೋ ಇಲ್ಲವೋ ನೋಡುವ ಹಾಗೆ. ಆಕೆ ದಿನದ ಸುದ್ದಿಯನ್ನೆಲ್ಲ ಅದಕ್ಕೆ ಹೇಳುತ್ತಿದ್ದಳು. ಆಕೆ ಸತ್ತ ಮೇಲೆ ಮೋನಪ್ಪ ಹೇಳತೊಡಗಿದ. ಗೋಡೆಯಾಚೆಯಿಂದ ಸಂಜೆಯೆಲ್ಲ ಅವನ ಗೊಣಗು ಕೇಳುತ್ತಿದ್ದೆ, ಒಬ್ಬನೇ ಇದ್ದು ತಲೆ ಕೆಟ್ಟಿದೆ ಎಂದುಕೊಂಡಿದ್ದೆ. ಈಗ ನನ್ನ ಮನೆಯಲ್ಲೇ ಕೂತು ಹೇಳುತ್ತಿದ್ದ. ಯಾರ ಮನೆಯಲ್ಲಿ ನೆಲ ಹಾಸಿದೆ, ಯಾವ ಕಲ್ಲಿನಲ್ಲಿ ಎಂಥ ಶಂಖ ಕಂಡೆ, ಗೌಡರ ಸೊಸೆ ತನ್ನ ಕೋಣೆಗೆ ಮಾತ್ರ ಕೆಂಪು ಫರಸಿಯೇ ಬೇಕೆಂದು ಹಟ ಹಿಡಿದದ್ದು ಹೇಗೆ. ಮೊದಮೊದಲು ಹುಳುವಿಗೆ ಹೇಳುತ್ತಿದ್ದ. ಬರಬರುತ್ತ ಹುಳುವಿನ ಕಡೆ ನೋಡುತ್ತ ನನಗೆ ಹೇಳುತ್ತಿದ್ದ. ಆಮೇಲೆ ಹುಳುವಿನ ಕಡೆ ನೋಡುವುದೂ ಕಡಿಮೆಯಾಯಿತು.

ಸಂಕ್ರಾಂತಿಯ ಮುಂಚೆ ಸುಣ್ಣ ಬಳಿಯಲೆಂದು ಕೊಡದ ಕಟ್ಟೆಯ ಸುತ್ತ ಕೆರೆದು ತೆಗೆಯುತ್ತಿದ್ದೆ. ನಡುಗೋಡೆಯ ಬುಡದಿಂದ ಕೊಡದವರೆಗೆ, ಸಂದಿಯಿಂದ ಸಂದಿಗೆ, ಬೆಳ್ಳಗೆ ಹುಡಿ ಉಬ್ಬಿ ಬಂದಿತ್ತು. ಸುಣ್ಣವಿರಬೇಕೆಂದು ಬೆರಳಿಗೆ ಹಚ್ಚಿ ನಾಲಿಗೆಗೆ ಇಟ್ಟೆ. ಉಪ್ಪು. ಹರಳುಪ್ಪು. ಹೋದ ಮಳೆಗಾಲದಲ್ಲಿ ಗೋಡೆಯ ಬುಡದಿಂದ ನೀರು ಜಿನುಗುತ್ತಿದೆ ಎಂದು ಈ ಮೋನಪ್ಪನನ್ನೇ ಕರೆದು ಆ ಸಂದಿಗಳನ್ನು ತುಂಬಿಸಿದ್ದೆ. ಗಚ್ಚಿನ ಕೆಳಗೆ ಅವನೇ ಉಪ್ಪು ತುಂಬಿದ್ದ! ತನ್ನ ಹುಳುವನ್ನು ತಾನೇ ನನ್ನ ಮನೆಗೆ ಕಳಿಸಿ, ಅದು ಬಂದು ಮುಟ್ಟುವವರೆಗೆ ತಿಂಗಳುಗಟ್ಟಲೆ ಕಾದು, ಆಮೇಲೆ ಕಟ್ಟೆಯ ಮೇಲೆ ನಿಂತು ಕಳ್ಳಿ ಕಳ್ಳಿ ಎಂದು ಓಣಿಗೆಲ್ಲ ಕೇಳುವಂತೆ ಅರಚಿದ್ದ.

ಒಬ್ಬಳೇ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕೆ. ಕಣ್ಣಲ್ಲಿ ನೀರು ಬಂತು. ಅದು ಬರೀ ನಗೆಯ ನೀರಾಗಿರಲಿಲ್ಲ. ನನ್ನ ಮನೆಗೆ ಬರಬೇಕೆಂದು ಒಬ್ಬ ಮನುಷ್ಯ ಅಷ್ಟು ಕಷ್ಟಪಟ್ಟಿದ್ದ.

ಆವತ್ತು ಸಾರಿಗೆ ಎರಡು ಹಿಡಿ ಉಪ್ಪು ಹಾಕಿದೆ.

"ಯವ್ವಾ, ಇದೇನು! ಕಡಲಿನ ನೀರು ಕಾಸೀದೇನು?" ಎಂದ.

"ಉಪ್ಪು ಬಹಳ ಸಿಕ್ಕದ ನನಗ."

"ಎಲ್ಲಿ ಸಿಕ್ಕತು?"

"ನೆಲದಾಗ."

ತುತ್ತು ಗಂಟಲಿಗೆ ಸಿಕ್ಕಿ ಕೆಮ್ಮಿದ. ನೀರು ಕೊಟ್ಟೆ. ಕಿವಿಯವರೆಗೆ ಕೆಂಪಾಗಿದ್ದ. ಆ ಸಾರನ್ನು ಪೂರ್ತಿ ಉಂಡು ಎದ್ದ.

ಶಿವರಾತ್ರಿ ಕಳೆದು ಬಿಸಿಲು ಏರತೊಡಗಿತು. ಒಂದು ಸಂಜೆ ನೆಲಕ್ಕೆ ನೀರು ಸವರಿದರೆ ಸಾವ್ಕಾರ ಒಲೆಗೆ ಬೆನ್ನು ಮಾಡಿ ಗೋಡೆಯ ಕಡೆ ತಿರುಗಿತ್ತು. ಮೋನಪ್ಪನ ಮನೆಯ ಮೇಲೆ ಬೇವಿನ ನೆರಳಿದೆ, ಅವನ ನೆಲ ತಂಪು. ಬೇಸಿಗೆಗೆ ನೀಲಿಯ ಹುಳುಗಳು ತಂಪು ಹುಡುಕಿ ಹೊರಡುತ್ತವೆ. ಇಬ್ಬರೂ ನೋಡಿದೆವು.

"ಮನಿಗೆ ಹೊಂಟದ," ಅಂದೆ.

"ಹೊಂಟದ."

"ಹೋದರ ಛಲೋ ಆತು. ನನಗ ದಿನಾ ಚಾಪಿ ಹಾಸೂದು ತಪ್ತದ."

"ನನಗೂ ನಿನ್ನ ಬೈಗಳ ತಪ್ತಾವ."

ಅದು ಗೋಡೆಯ ಆಚೆ ದಾಟಿದ ದಿನ ಅವನು ಈ ಮನೆಗೆ ಬರುವ ಹಕ್ಕು ಮುಗಿಯುತ್ತಿತ್ತು. ದಿನ ಹೋದಂತೆ ಸಾವ್ಕಾರ ಗೋಡೆಗೆ ಹತ್ತಿರ ಹತ್ತಿರ ಸರಿಯಿತು. ನಾನು ಕದ್ದು ಕೊಡದ ಬುಡಕ್ಕೆ ಉಪ್ಪುನೀರು ಹೊಯ್ದು ನೋಡಿದೆ. ಬೇಸಿಗೆಯ ಹುಳುವಿಗೆ ಉಪ್ಪಿನ ಆಸೆ ಇರುವುದಿಲ್ಲ. ತಿರುಗಿಯೂ ನೋಡಲಿಲ್ಲ. ಗೋಡೆಗೆ ಇನ್ನು ಒಂದೇ ಫರಸಿ ಉಳಿದಿತ್ತು, ಹುಳು ಅದರ ಅಂಚಿಗೆ ಬಂದು ನಿಂತಿತ್ತು.

ಮರುದಿನ ಸಂಜೆ ನೀರು ಸವರಿದರೆ ಸಾವ್ಕಾರ ಇಲ್ಲ. ಗೋಡೆಯ ಬುಡದಲ್ಲಿಲ್ಲ, ಒಲೆಯ ಹತ್ತಿರವಿಲ್ಲ, ಬಾಗಿಲ ಕಡೆಯಿಲ್ಲ. ನಾನು ಮನೆಯ ನೆಲವನ್ನೆಲ್ಲ ತೋಯಿಸಿದೆ. ದಾಟಿಬಿಟ್ಟಿತೇನೋ ಎಂದರೆ ಮೋನಪ್ಪ ತಲೆ ಅಲ್ಲಾಡಿಸಿದ. ಆದರೂ ಓಡಿ ಹೋಗಿ ತನ್ನ ಮನೆಯ ನೆಲ ತೋಯಿಸಿ ಬಂದ. ಮುಖ ಸುಣ್ಣದಂತಾಗಿತ್ತು. ಅಲ್ಲಿಯೂ ಇರಲಿಲ್ಲ. ಮರುದಿನವೂ ಇಲ್ಲ. ಅದರ ಮರುದಿನವೂ ಇಲ್ಲ. ಸುದ್ದಿ ಓಣಿಗೆ ಹಬ್ಬಿತು. ಬಡೀಮಾ ಬಂದಳು, ಅವಳ ಹಿಂದೆ ಮಂದಿ ಬಂದರು.

ಬಡೀಮಾ ನೆಲದ ಮೇಲೆ ಕೂತು ಅಂಗೈಯಿಂದ ಒಂದೊಂದೇ ಫರಸಿ ಸವರುತ್ತ ಹೋದಳು. ಗೋಡೆಯ ಬುಡದ ಫರಸಿಯ ಮೇಲೆ ಕೈ ನಿಂತಿತು. ಇನ್ನೊಮ್ಮೆ ಸವರಿದಳು.

"ಇದು ಬೋರಲ ಅದ," ಎಂದಳು.

ಮಂದಿ ಮುಂದೆ ಬಗ್ಗಿದರು. ನಾನೂ ಬಗ್ಗಿ ಮುಟ್ಟಿದೆ. ಹೌದು, ಬೆನ್ನು ಮೇಲಿತ್ತು. ಸುತ್ತಲಿನ ಮಣ್ಣು ಹಸಿಯಾಗಿತ್ತು. ದಿನಾ ಆ ಕಲ್ಲು ನೋಡುವ ನನಗೆ, ಕಲ್ಲು ಬಿಡಿಸಿಯೇ ಹೊಟ್ಟೆ ಹೊರೆಯುವ ನನಗೆ, ಹುಳು ಹುಡುಕುವ ಗಾಬರಿಯಲ್ಲಿ ಅದು ಕಂಡಿರಲಿಲ್ಲ.

"ಯಾರ ಮಾಡಿದ್ರು ಈ ಕೆಲಸ?"

"ನಾ," ಎಂದ ಮೋನಪ್ಪ. "ಹಂಪವ್ವ ಗಣಿಗಿ ಹೋದಾಗ ಬಂದು ಹೊಳ್ಳಿಸಿ ಹಾಕೀನಿ. ಬೋರಲ ಕಲ್ಲು ಹುಳಾ ದಾಟಂಗಿಲ್ಲ, ತಿರುಗ್ತದ, ಅಂತ."

"ಎತ್ತೂ ಮುಂಚ ನೀರ ಹಚ್ಚಿ, ಬಡದು ನೋಡಿದೇನು?"

ಅವನು ನೋಡಿರಲಿಲ್ಲ. ನೆಲ ಹಾಸುವವರ ಮಗ ಮೊದಲು ಕಲಿಯುವ ಪಾಠ ಅದು. ನೀರು ಹಚ್ಚು, ಬೆರಳಿನಿಂದ ಬಡಿ, ಹೊಟ್ಟೆಯಲ್ಲಿ ಹುಳು ಇದ್ದರೆ ಸದ್ದು ಬೇರೆ ಬರುತ್ತದೆ, ಕಲ್ಲು ಮುಟ್ಟಬೇಡ. ಊರಿನ ಅರ್ಧ ಮನೆಗಳ ನೆಲ ಹಾಸಿದವನು ಆ ಮಧ್ಯಾಹ್ನ ಅವಸರದಲ್ಲಿ ಅದನ್ನು ಮರೆತಿದ್ದ.

ಮಂದಿ ಸೇರಿ ಫರಸಿ ಎತ್ತಿದರು. ಕೆಳಗಾಗಿದ್ದ ಮುಖದ ಮೇಲೆ, ಅಂಚಿನಿಂದ ನಡುವಿನವರೆಗೆ, ಸೂಜಿಯಿಂದ ಗೀರಿದಂತೆ ಎರಡು ಸಾಲು ಕಾಲಿನ ಗುರುತಿದ್ದವು. ನಡುವಿನಲ್ಲಿ ಗುರುತು ಮುಗಿದಿತ್ತು. ಅದಕ್ಕೆ ಸರಿಯಾಗಿ ಕೆಳಗೆ ಬುಡದ ಕಲ್ಲು ಒತ್ತಿಕೊಂಡಿತ್ತು. ಅದೂ ನೀಲಿ. ನಮ್ಮ ಓಣಿಯಲ್ಲಿ ಹಳದಿ ಪದರ ಸವೆದು ನೀಲಿಯೇ ಮೇಲೆ ಬಂದಿದೆ, ಅದು ಎಷ್ಟು ಆಳಕ್ಕಿಳಿದಿದೆ ಎಂದು ಯಾರೂ ಅಗೆದು ನೋಡಿಲ್ಲ.

"ಆವತ್ತ ಹುಳಾ ಇದರ ಹೊಟ್ಟ್ಯಾಗೇ ಇತ್ತು," ಎಂದಳು ಬಡೀಮಾ, ಮೆಲ್ಲಗೆ. "ಕಲ್ಲು ಹೊಳ್ಳಿತು. ಅದಕ್ಕ ಮ್ಯಾಲ ಅನ್ನಿಸಿದ್ದು ಕೆಳಗಾತು. ಸಂಜಿಕ ಮ್ಯಾಲ ಬರ್ತೀನಿ ಅಂತ ನಡಕೋತ ನಡಕೋತ ತಳಕ್ಕ ಹೋಗ್ಯಾದ. ಇನ್ನ ಅದು ಬರಂಗಿಲ್ಲ."

"ಯಾಕ ಹಾಕ್ದಿ ಬೋರಲ?" ಎಂದು ಹಿಂದಿನಿಂದ ಯಾರೋ ಕೇಳಿದರು. "ನಿನ್ನ ಹುಳಾ ನಿನ್ನ ಮನಿಗೆ ಹೊಂಟಿತ್ತು. ನೀನs ಯಾಕ ಅಡ್ಡ ಹಾಕ್ದಿ?"

ಮೋನಪ್ಪ ಬಾಯಿ ತೆರೆದ. ನನ್ನ ಕಡೆ ನೋಡಿದ. ಅಷ್ಟು ಮಂದಿಯ ಎದುರಿಗೆ ಅವನು ಹೇಳಿಬಿಡುತ್ತಿದ್ದ, ನೇರ ಕೇಳಿದರೆ ಅವನಿಗೆ ಸುಳ್ಳು ಬರುವುದಿಲ್ಲ. ಆಮೇಲೆ ಓಣಿಯಲ್ಲಿ ತಲೆಯೆತ್ತಿ ತಿರುಗುತ್ತಿರಲಿಲ್ಲ. ಹಾಗಾಗಿ ನಾನು ಬೈಯತೊಡಗಿದೆ. ಕತ್ತೆ ಎಂದೆ, ಕೋಣ ಎಂದೆ, ಕಲ್ಲಿಗಿಂತ ಕಡೆ ಎಂದೆ, ಕಟ್ಟೆಯ ಮೇಲೆ ನಿಂತು ಅವನು ನನ್ನನ್ನು ಬೈದದ್ದಕ್ಕೆಲ್ಲ ಬಡ್ಡಿ ಸೇರಿಸಿ ಬೈದೆ. ಅವನು ಬಾಯಿ ಬಿಡಲು ಸಂದು ಕೊಡಲಿಲ್ಲ, ಕೇಳಿದವನಿಗೆ ಮತ್ತೆ ಕೇಳಲು ಸಂದು ಕೊಡಲಿಲ್ಲ. ಬೈಯುವ ಬಾಯಿಗೆ ಒಮ್ಮೆ ವೇಗ ಬಂದರೆ ನಿಲ್ಲಿಸುವುದು ಕಷ್ಟ. "ನಿಮ್ಮವ್ವ ಇದ್ದಿದ್ರ ಈ ಕೈ ಮುರಿದು ಒಲಿಗಿ ಹಾಕ್ತಿದ್ಲು," ಎಂದುಬಿಟ್ಟೆ.

ಅವನ ಮುಖ ನೋಡಿದ ಕೂಡಲೇ ಆ ಮಾತನ್ನು ನುಂಗಬೇಕೆನ್ನಿಸಿತು. ಆಡಿಯಾಗಿತ್ತು. ಅವನು ಫರಸಿಯನ್ನು ಮುಖ ಮೇಲೆ ಮಾಡಿ ಸರಿಯಾಗಿ ಕೂಡಿಸಿ, ಸುತ್ತ ಮಣ್ಣು ತುಂಬಿ, ಕೈ ಒರೆಸಿಕೊಂಡು ಮನೆಗೆ ಹೋದ.

ಮರುದಿನ ಬರಲಿಲ್ಲ. ಹುಳುವಿಲ್ಲ, ಹಕ್ಕಿಲ್ಲ. ಹೇಗೆ ಬಂದಾನು? ಸಂಜೆ ಗೋಡೆಗೆ ಕಿವಿಗೊಟ್ಟೆ. ಗೊಣಗು ಕೂಡ ಕೇಳಲಿಲ್ಲ. ದಿನದ ಸುದ್ದಿ ಹೇಳಲು ಅವನಿಗೆ ಈಗ ನೆಲದಲ್ಲೂ ಯಾರೂ ಇರಲಿಲ್ಲ. ನಾನು ರೊಟ್ಟಿ ಬಡಿಯುತ್ತಿದ್ದೆ, ಕೈ ತಾನಾಗಿ ಇಬ್ಬರಿಗಾಗುವಷ್ಟು ಹಿಟ್ಟು ತೆಗೆದಿರುತ್ತಿತ್ತು. ಗಣಿಯಲ್ಲಿ ಎರಡು ಒಳ್ಳೆಯ ಕಲ್ಲು ಒಡೆದೆ. ಸಿಟ್ಟು ಬಾಯಿಯಿಂದ ಹೋಗಲು ದಾರಿಯಿಲ್ಲದೆ ಕೈಗಿಳಿದಿತ್ತು.

ಒಂದು ಸಂಜೆ ಬಡೀಮಾ ಬಂದು ಕಟ್ಟೆಯ ಮೇಲೆ ಕೂತಳು.

"ಮೋನಪ್ಪ ಕೆಲಸಕ್ಕ ಹೋಗವಲ್ಲ. ಊಟಾನೂ ಬಿಟ್ಟಾನಂತ."

"ಬಿಡ್ಲಿ."

"ನೀನು?"

"ನಾ ಯಾಕ ಬಿಡ್ಲಿ? ದಿನಾ ಇಬ್ಬರ ಪಾಲು ತಿನ್ಲಿಕತ್ತೀನಿ."

ಬಡೀಮಾ ಎಲೆಗೆ ಸುಣ್ಣ ಹಚ್ಚುತ್ತ ಕೂತಳು. "ಆವತ್ತ ನೀ ಯಾಕ ಅಷ್ಟು ಬೈದಿ ಅಂತ ನನಗ ಗೊತ್ತದ. ಅವಗ ಗೊತ್ತದೋ ಇಲ್ಲೋ ಗೊತ್ತಿಲ್ಲ."

"ಗೊತ್ತಾಗಲಾರದಷ್ಟು ದಡ್ಡ ಇದ್ರ ಇರ್ಲಿ ಹಂಗೇ."

"ಹಂಪವ್ವಾ, ನ್ಯಾಯ ಹೇಳಾಕಿ ನಾನs ಹೇಳ್ತೀನಿ ಕೇಳು. ಹುಳಾ ಇಲ್ಲದ ನೀ ಆ ಹೊಸ್ತಿಲ ದಾಟಿದ್ರ ಓಣಿ ಸುಮ್ನಿರಂಗಿಲ್ಲ. ಉಡಿಕಿ ಆತು ಅಂತದ."

ಗಂಡ ಸತ್ತ ಹೆಂಗಸು ಇನ್ನೊಬ್ಬನ ಸೀರೆ ಉಟ್ಟು ಅವನ ಮನೆಗೆ ಹೋಗುವುದಕ್ಕೆ ನಮ್ಮಲ್ಲಿ ಉಡಿಕಿ ಎನ್ನುತ್ತಾರೆ. ನಾನು ಹಿಟ್ಟಿನ ಕೈ ಝಾಡಿಸಿದೆ.

"ಅನ್ಲಿ," ಅಂದೆ.

"ಸೀರಿ ತಂದಿಲ್ಲಲ್ಲ ಅವ?"

"ಇದ್ದ ಸೀರಿ ಹರದಿಲ್ಲ."

ಬಡೀಮಾ ಎಲೆಯನ್ನು ಬಾಯಿಗೆ ಹಾಕಿಕೊಂಡು ಗೋಡೆಯ ಕಡೆ ಮುಖ ತಿರುಗಿಸಿದಳು, ತಾನು ಏನೂ ನೋಡಿಲ್ಲ ಎನ್ನುವಂತೆ. ತವೆಯ ಮೇಲೆ ರೊಟ್ಟಿ ಇತ್ತು. ಅದನ್ನು ತೆಗೆದು ಅವಳ ಕೈಗೆ ಕೊಟ್ಟು, ಒಲೆಯ ಬೆಂಕಿ ಆರಿಸಿ, ಬಾಗಿಲು ಹಾಕದೆ ಕಟ್ಟೆಯಿಂದಿಳಿದೆ. ಇನ್ನೂ ಬೆಳಕಿತ್ತು. ಓಣಿಯ ಎಲ್ಲ ಕಟ್ಟೆಗಳ ಮೇಲೂ ಮಂದಿ ಇದ್ದರು. ನಡುರಸ್ತೆಯಲ್ಲಿ ಎಲ್ಲರಿಗೂ ಕಾಣುವಂತೆ ನಡೆದು ಅವನ ಬಾಗಿಲು ಬಡಿದೆ.

"ಯಾರು?"

"ನಾನು. ಬಾಗಿಲ ತೆಗಿ. ಆವತ್ತ ಬೈಯೂದು ಅರ್ಧಕ್ಕ ನಿಂತದ."

ತೆಗೆದ. ಗಡ್ಡ ಬೆಳೆದಿತ್ತು, ಕಣ್ಣು ಒಳಗೆ ಹೋಗಿದ್ದವು. "ಹುಳಾ ಇಲ್ಲಲ್ಲ ಹಂಪವ್ವಾ," ಎಂದ, "ಯಾವ ಹಕ್ಕಿನ ಮ್ಯಾಲ..."

"ಹುಳದ ಸಲುವಾಗಿ ಬಂದೀನಂತ ಯಾರ ಹೇಳಿದ್ರು ನಿನಗ? ಸರಿ ಅತ್ತಾಗ."

ಸರಿದ. ಒಳಗೆ ಹೋದೆ. ಒಲೆ ತಣ್ಣಗಿದೆ ಎಂದು ಬೈದೆ, ಗಡಿಗೆ ತೊಳೆದಿಲ್ಲ ಎಂದು ಬೈದೆ, ಬೀಸುಕಲ್ಲಿನ ಮೇಲೆ ಧೂಳು ಕೂತದ್ದಕ್ಕೆ ಬೈದೆ. "ನಿಮ್ಮವ್ವನ ಹೆಸರ ನಾ ಎತ್ತಬಾರದಿತ್ತು, ಮೂಳಾ. ನೀನರ ಆವತ್ತೇ ತಿರುಗಿ ಒಂದ ಮಾತು ಅಂದಿದ್ರ ಏನ ಆಗ್ತಿತ್ತು ನಿನಗ?" ಎಂದೂ ಬೈದೆ. ಅವನು ಬಾಗಿಲ ಹತ್ತಿರವೇ ನಿಂತು ಹೆಗಲು ಕುಣಿಸತೊಡಗಿದ. ಅಳುತ್ತಿದ್ದನೋ, ಮೂಗಿನಿಂದ ನಗುತ್ತಿದ್ದನೋ, ನಾನು ತಿರುಗಿ ನೋಡಲಿಲ್ಲ. ಕಟ್ಟಿಗೆ ಮುರಿದು ಒಲೆಗಿಟ್ಟೆ. ಹೊರಗೆ ಓಣಿಯಲ್ಲಿ ದೀಪ ಹಚ್ಚುವ ಹೊತ್ತು ಬಂತು, ದಾಟಿತು.

ಮರುದಿನ ಬೆಳಿಗ್ಗೆ ನನ್ನ ಹಿಟ್ಟಿನ ಡಬ್ಬಿ, ಉಳಿ, ಸುತ್ತಿಗೆ ತರಲು ಅವನನ್ನೇ ಕಳಿಸಿದೆ. ನಾನು ನನ್ನ ಹಳೆಯ ಮನೆಗೆ ಮತ್ತೆ ಹೋಗಲಿಲ್ಲ.